ಒತ್ತಿನೆಣೆಯ ರೇಡಿಯೋ

ರಜೆಯ ಕೊನೆಯ ದಿನ ಭೋಜರಾಜನಿಗೆ ಬೇಕಾಗಿದ್ದುದು ನಿದ್ದೆಯೊಂದೇ. ಬೊಂಬಾಯಿಯ ಕ್ಯಾಂಟೀನಿನಲ್ಲಿ ನಸುಕಿಗೇ ಎದ್ದು ಚಹಾದ ಹಂಡೆಯ ಮುಂದೆ ನಿಲ್ಲುವವನು ಊರಿಗೆ ಬಂದ ಮೇಲಾದರೂ ಒಂದು ಮಧ್ಯಾಹ್ನ ಅಡ್ಡಾಗಬೇಕೆಂದುಕೊಂಡಿದ್ದ. ಆದರೆ ಬರುವಾಗ ಅಕ್ಕ ಕುಸುಮಾವತಿಗೆಂದು ಒಂದು ರೇಡಿಯೋ ತಂದುಬಿಟ್ಟಿದ್ದ. ಚರ್ಮದ ಅಂಗಿ ತೊಟ್ಟ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿಯಿದ್ದ ಪುಟ್ಟ ಟ್ರಾನ್ಸಿಸ್ಟರ್. ಬೈಂದೂರಿನ ಆ ಕೇರಿಗೆ ಅದೇ ಮೊದಲನೆಯದು. ಹೊಸ ಸೊಸೆಯನ್ನು ನೋಡಲು ಬರುವಂತೆ ಜನ ಬಂದರು, ನೋಡಿದರು, ಕಾಫಿ ಕುಡಿದರು, ಮಾರನೆಯ ದಿನ ಮತ್ತೆ ಬಂದರು. ರಜೆಯೆಲ್ಲ ಅವರಿಗೆ ಚಾಪೆ ಹಾಸುವುದರಲ್ಲೇ ಕಳೆಯಿತು. ಅವನು ಮಲಗಲು ಚಾಪೆ ಉಳಿಯಲಿಲ್ಲ.

ರೇಡಿಯೋದಲ್ಲಿದ್ದ ದೋಷ ಒಂದೇ. ಮನೆಯೊಳಗೆ ಅದು ಮಾತಾಡುತ್ತಿರಲಿಲ್ಲ. ಬಾಣಲೆಗೆ ಹಪ್ಪಳ ಬಿಟ್ಟಂತೆ ಸದಾ ಚೊರ್ರ್ ಎನ್ನುತ್ತಿತ್ತು.

ಅವತ್ತು ಊಟ ಮುಗಿಸಿ ಅವನು ಕಣ್ಣು ಮುಚ್ಚಿದ್ದನೋ ಇಲ್ಲವೋ, ಆಚೆಮನೆಯ ಗಿರಿಜಕ್ಕ ಅಂಗಳಕ್ಕೆ ಬಂದರು. ಅವರ ತಮ್ಮ ಶೀನ ಯಕ್ಷಗಾನದ ಮೇಳದಲ್ಲಿ ಮದ್ದಳೆ ಬಾರಿಸುವವನು. ಅವನನ್ನು ಭದ್ರಾವತಿಯ ಆಕಾಶವಾಣಿಗೆ ಕರೆಸಿದ್ದರು. ಅವತ್ತು ಸಂಜೆ ಅವನ ಮದ್ದಳೆ ರೇಡಿಯೋದಲ್ಲಿ ಬರುವುದಿತ್ತು.

"ನಿದ್ರಿ ಮಾಡ್ತಿದ್ಯಾ ಮಗಾ? ಮಾಡ್, ಮಾಡ್. ನಾ ಇಲ್ಲೇ ಜಗಲಿ ಮೇಲ್ ಕೂಕಂತೆ," ಎಂದು ಅವರು ಸದ್ದಿಲ್ಲದೆ ಕುಳಿತರು. ಗದ್ದಲದ ನಡುವೆ ನಿದ್ದೆ ಮಾಡಬಹುದು. ಗಿರಿಜಕ್ಕ ಸುಮ್ಮನೆ ಕಾಯುತ್ತಿದ್ದಾರೆಂದು ಗೊತ್ತಿದ್ದೂ ನಿದ್ದೆ ಮಾಡುವುದು ಭೋಜರಾಜನಿಂದ ಆಗಲಿಲ್ಲ. ಎದ್ದು ಬಂದು ರೇಡಿಯೋ ತಿರುಗಿಸಿದ. ಚೊರ್ರ್.

ಅಷ್ಟರಲ್ಲಿ ಬೀಡಿ ಅಂಗಡಿಯ ಪದ್ದು ಬಂದ, ಅವನ ಹಿಂದೆ ಚಂದಯ್ಯ. ಚಂದಯ್ಯ ಬಸ್ಸಿನಲ್ಲಿ ಕಂಡಕ್ಟರಾಗಿ ವಯಸ್ಸು ಸವೆಸಿದವರು. ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಲ್ಲಿ ಅರ್ಧ ಆಯುಷ್ಯ ಕಳೆದ ಅವರಿಗೆ ಎರಡೂ ಕಾಲು ನೆಲದ ಮೇಲಿದ್ದರೆ ಏನೋ ಕಳೆದುಕೊಂಡಂತಾಗುತ್ತಿತ್ತು.

"ಹ್ವಾಯ್, ಈ ತಗ್ಗಂಗ್ ಎಂತ ಕೇಂತ್ ಮಾರಾಯ?" ಎಂದರು ಅವರು. "ಒತ್ತಿನೆಣೆ ಗುಡ್ಡಿ ಮೇಲ್ ಹೋಪ. ಗಾಳಿ ಎಲ್ಲಿತ್ತೋ ರೇಡಿಯೋ ಅಲ್ಲಿತ್ತ್."

"ಹೋಯಿ ಬಾ ಭೋಜ," ಎಂದಳು ಕುಸುಮಾವತಿ ಒಳಗಿನಿಂದ. "ಗಿರಿಜಕ್ಕ ಎಷ್ಟ್ ಆಸಿಯಂಗ್ ಬಂದಿದ್ರ್. ನಿದ್ರಿ ರಾತ್ರಿ ಮಾಡ್ಲಕ್ಕ್."

ಗುಡ್ಡದ ಬುಡದಲ್ಲಿ ರೇಡಿಯೋ ಒಮ್ಮೆ ಕೆಮ್ಮಿತು. ನೆತ್ತಿಗೆ ಬಂದಾಗ ಬಾವಿಯೊಳಗಿಂದ ಯಾರೋ ಕರೆದಂತೆ ಗಂಡಸಿನ ದನಿಯೊಂದು ಕೇಳಿಸಿತು. ಅಷ್ಟು ಹೊತ್ತಿಗೆ ಹಿಂದೆ ಅರ್ಧ ಕೇರಿ ಕೂಡಿತ್ತು.

ಒತ್ತಿನೆಣೆಯ ನೆತ್ತಿ ಚಪ್ಪಟೆ. ಮುರಕಲ್ಲಿನ ಬಯಲು, ಮೇಲೆ ತೆಳ್ಳಗೆ ಹುಲ್ಲು. ಪಡುವಣಕ್ಕೆ ನಡೆಯುತ್ತ ಹೋದರೆ ಆ ಬಯಲು ಹೇಳದೆ ಕೇಳದೆ ಮುಗಿದುಬಿಡುತ್ತದೆ. ಕೆಳಗೆ ಬಂಡೆ, ಬಂಡೆಗೆ ಬಡಿಯುವ ಸಮುದ್ರ. ಮಳೆಗಾಲಗಳು ಅಂಚಿನ ಅಡಿಯ ಮಣ್ಣನ್ನೆಲ್ಲ ಕೊರೆದು ತಿಂದಿದ್ದವು. ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಭೋಜರಾಜ ಚಿಕ್ಕಂದಿನಲ್ಲಿ ದೋಣಿಯಲ್ಲಿ ಹೋಗುವಾಗ ನೋಡಿದ್ದ. ಆ ಅಂಚು ಕಂಬವಿಲ್ಲದ ಸೂರಿನಂತೆ ಗಾಳಿಯಲ್ಲಿ ಚಾಚಿಕೊಂಡಿತ್ತು. ತಾನು ತಂದ ರೇಡಿಯೋದಿಂದ ಇವತ್ತು ಯಾರ ಮನೆಯಲ್ಲೂ ಅಳು ಏಳಬಾರದು ಎಂದುಕೊಂಡ.

ಅಂಚಿನಿಂದ ಬಹು ದೂರದಲ್ಲೇ ನಿಂತು, "ಇಲ್ಲೇ ಕೂಕಂಬ. ಇಲ್ಲೇ ಒಳ್ಳೆದ್ ಕೇಂತ್," ಎಂದ.

"ಎಂತ ಒಳ್ಳೆದ್? ನೆಗಡಿ ಆದವ ಮಾತಾಡ್ದಂಗ್ ಕೇಂತ್," ಎಂದು ಪದ್ದು ಅವನ ಹೆಗಲಿನಿಂದ ರೇಡಿಯೋ ಕಳಚಿಕೊಂಡು ಮುಂದೆ ನಡೆದ. ದನಿ ತಿಳಿಯಾಯಿತು. ಇನ್ನಷ್ಟು ನಡೆದ. ಇನ್ನಷ್ಟು ತಿಳಿಯಾಯಿತು.

ಅದನ್ನು ಕಂಡು ಚಂದಯ್ಯನವರೊಳಗಿನ ಕಂಡಕ್ಟರು ಎದ್ದು ಕುಳಿತ. "ಮುಂದೆ ಹೋಯ್ನಿ, ಮುಂದೆ ಹೋಯ್ನಿ! ಮುಂದ್ ಜಾಗ ಖಾಲಿ ಇತ್ತ್! ಹಿಂದೆ ಜನ ನಿಂತಿದ್ರ್ ಕಾಣಿ!"

ಎಷ್ಟೋ ವರ್ಷ ಆ ದನಿಗೆ ಒಗ್ಗಿದ್ದ ಜನ ಎದುರಾಡದೆ ಮುಂದೆ ಸರಿದರು.

"ಚಂದಯ್ಯಣ್ಣ, ಇದ್ ಬಸ್ಸಲ್ಲ!" ಭೋಜರಾಜ ಕೂಗಿದ. "ಮುಂದೆ ಡ್ರೈವರ್ ಇಲ್ಲೆ, ಸಮುದ್ರ ಇತ್ತ್!"

"ಸಮುದ್ರ ಕೆಳಗಿತ್ತ್ ಮಾರಾಯ. ಮುಂದೆ ಎಲ್ಲಿತ್ತ್?"

ಭೋಜರಾಜ ಓಡಿಹೋಗಿ ಜನಕ್ಕೂ ಅಂಚಿಗೂ ನಡುವೆ ಎರಡು ಕೈ ಚಾಚಿ ಬೇಲಿಯಂತೆ ನಿಂತ. ಬೆನ್ನ ಹಿಂದೆ ಆಕಾಶವಲ್ಲದೆ ಏನೂ ಇರಲಿಲ್ಲ. "ಅಯ್ಯೋ, ಬಿಸ್ಲಂಗ್ ನಿಂತಿದ್ಯಲೆ ಮಗಾ," ಎಂದು ಗಿರಿಜಕ್ಕ ತಮ್ಮ ಕೊಡೆ ಬಿಚ್ಚಿ ಅವನ ತಲೆಗೆ ಹಿಡಿದರು. ಕೊಡೆಯ ಕಡ್ಡಿ ಹಣೆಗೆ ಚುಚ್ಚಿತು. ಅವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಇಟ್ಟ. ಹಿಮ್ಮಡಿಯ ಅಡಿಯಿಂದ ಒಂದು ಹೆಂಟೆ ಜಾರಿತು. ಅದು ಕೆಳಗೆ ಬಿದ್ದ ಸದ್ದು ಬರುವಷ್ಟರಲ್ಲಿ ಅವನು ಮನೆದೇವರನ್ನೆಲ್ಲ ನೆನೆದು ಮುಗಿಸಿದ್ದ. ಉಳಿದವರಿಗೆ ಸದ್ದು ಕೇಳಲಿಲ್ಲ. ಅವರ ಕಿವಿ ರೇಡಿಯೋದಲ್ಲಿತ್ತು.

ಯಾರೋ ತಂಬಿಗೆಯಲ್ಲಿ ಮಜ್ಜಿಗೆ ತಂದಿದ್ದರು. ಅವನ ಎರಡೂ ಬದಿಯಿಂದ ನುಸುಳಿ ಅಂಚಿನಲ್ಲಿ ಕುಳಿತವರು ಅದನ್ನು ಪಕ್ಕದವರಿಗೆ ಬಾಗಿ ಬಾಗಿ ದಾಟಿಸಿದರು. ಚಂದಯ್ಯ ತಾವು ಹಿಡಿದಿದ್ದ ಎಲ್ಲಕ್ಕಿಂತ ಮುಂದಿನ ಕಲ್ಲನ್ನು ಬಿಟ್ಟು ಎದ್ದರು. "ಗಿರಿಜಕ್ಕ, ನೀವ್ ಇಲ್ಲ್ ಬನಿ. ತಮ್ಮನ ಮದ್ದಳಿ ಅಕ್ಕ ಎದ್ರ್ ಕೂಕಂಡ್ ಕೇಣ್ಕ್." ಆ ಕಲ್ಲು ಅಲುಗುತ್ತಿತ್ತು. ಊರಿನಲ್ಲಿ ಇಷ್ಟು ಒಳ್ಳೆಯ ಜನ ಇಲ್ಲದಿದ್ದರೆ ಅವತ್ತು ಅಷ್ಟೊಂದು ಅಪಾಯವೇ ಇರುತ್ತಿರಲಿಲ್ಲ.

ಭೋಜರಾಜ ಗಿರಿಜಕ್ಕನ ಹಿಂದೆ ಕುಳಿತು ಅವರ ಸೆರಗಿನ ತುದಿಯನ್ನು ಮುಂಗೈಗೆ ಸುತ್ತಿಕೊಂಡ.

ಮದ್ದಳೆ ಬಂತು. ಮೊದಲು ಮೆಲ್ಲಗೆ, ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ. ಆಮೇಲೆ ಹನಿ ಮಳೆ, ಆಮೇಲೆ ಬಿರುಮಳೆ. "ಇದ್ ಶೀನನ್ ಬೆರಳೇ," ಎಂದರು ಗಿರಿಜಕ್ಕ. "ಸಣ್ಣಕ್ಕಿಪ್ಪ ಹೊತ್ತಿಗೆ ಊಟದ್ ಮಣೆ ಮೇಲ್ ಹೀಂಗೇ ಬಡಿತಿದ್ದ. ನಾ ಬೈತಿದ್ದೆ." ಅವರು ಕಣ್ಣೊರೆಸಿಕೊಳ್ಳಲು ಸೆರಗೆಳೆದರು. ಅದರ ಜೊತೆಗೆ ಭೋಜರಾಜನ ಕೈಯೂ ಹೋಯಿತು. ಅವನ ಕೈಗೇ ಅವರು ಕಣ್ಣೊರೆಸಿಕೊಂಡರು. ಒಂದು ಗಳಿಗೆ ಅವನಿಗೂ ಕೆಳಗೆ ಸಮುದ್ರವಿರುವುದು ಮರೆತೇ ಹೋಯಿತು.

ಮದ್ದಳೆ ನಿಂತಿತು.

"ಆಯ್ತಲೆ, ಇನ್ ಹೋಪ," ಎಂದು ಅವನು ಎದ್ದ. ಯಾರೂ ಏಳಲಿಲ್ಲ. ರೇಡಿಯೋದಲ್ಲಿ ಒಬ್ಬರು ತೆಂಗಿನ ಮರಕ್ಕೆ ಬೀಳುವ ದುಂಬಿಯ ವಿಷಯ ಹೇಳಿದರು. ಎಲ್ಲರೂ ಕೇಳಿದರು. ಆಮೇಲೆ ಪೇಟೆಯ ಧಾರಣೆ ಶುರುವಾಯಿತು. ಅಲ್ಲಿದ್ದ ಒಬ್ಬರಿಗೂ ಮಾರಲು ಒಂದು ಅಡಿಕೆಯೂ ಇರಲಿಲ್ಲ. ಅದನ್ನೂ ಕೇಳಿದರು.

ಭೋಜರಾಜ ಗುಂಡಿ ತಿರುಗಿಸಿ ಆರಿಸಿದ. ಪದ್ದು ತಿರುಗಿಸಿ ಹಚ್ಚಿದ. "ಪಾಪ, ಅವ್ರ್ ಹೇಳ್ತಿಪ್ಪ ಹೊತ್ತಿಗೆ ಬಾಯಿ ಮುಚ್ಚುದಾ?" ಎಂದ. ದನಿ ಇನ್ನೂ ತಿಳಿಯಾಗಲೆಂದು ಹೊಟ್ಟೆಯಡಿಯಾಗಿ ಮಲಗಿ, ಬಾವಿಗೆ ಕೊಡ ಇಳಿಸುವಂತೆ ಪಟ್ಟಿ ಹಿಡಿದು ರೇಡಿಯೋವನ್ನು ಅಂಚಿನಾಚೆ ಇಳಿಬಿಟ್ಟ. ಚಂದಯ್ಯ ಒಂದು ಪೊದೆಯನ್ನು ಎಡಗೈಯಲ್ಲಿ ಹಿಡಿದು, ಒಂದು ಕಾಲು ಅಂಚಿನಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ ಇಟ್ಟು ಕೆಳಗೆ ಕಿವಿಗೊಟ್ಟರು. ಎಷ್ಟೋ ವರ್ಷಗಳ ಮೇಲೆ ಅವರ ಮುಖದಲ್ಲಿ ಕೆಲಸಕ್ಕೆ ಬಂದ ಕಳೆಯಿತ್ತು.

ಪೊದೆಯ ಬೇರು ಚಟಚಟ ಎಂದಿತು.

ಭೋಜರಾಜ ಒಂದು ಕೈಯಿಂದ ಚಂದಯ್ಯನವರ ಪಂಚೆಯ ಸುತ್ತು ಹಿಡಿದು ಹಿಂದಕ್ಕೆಳೆದು ಕೆಡವಿದ. ಇನ್ನೊಂದು ಕೈಯಿಂದ ಪದ್ದುವಿನ ಹಿಡಿತದಿಂದ ಪಟ್ಟಿ ಕಸಿದುಕೊಂಡ. ಕಣ್ಣು ಮುಚ್ಚಿದ. ಬಿಟ್ಟ.

"ಹೋಯ್ತ್!" ಎಂದ, ಏದುಸಿರು ಬಿಡುತ್ತ. "ನಿಮ್ ಜೀವಕ್ಕಿಂತ ಅದ್ ದೊಡ್ಡದಲ್ಲ. ಇನ್ ಎಲ್ರೂ ಮನಿಗ್ ಹೋಯ್ನಿ."

ಅಕ್ಕನಿಗೆ ಏನು ಹೇಳುವುದೆಂಬ ಚಿಂತೆಯಿದ್ದರೂ ಅವನ ಮೈ ಹಗುರಾಗಿತ್ತು. ಎಲ್ಲರೂ ಬದುಕಿದ್ದರು. ರಾತ್ರಿ ನಿದ್ದೆ ಬರುವುದರಲ್ಲಿ ಸಂಶಯವಿರಲಿಲ್ಲ.

ಆಗ ಕೆಳಗಿನಿಂದ, ಪಕ್ಕದಲ್ಲೇ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ, ಒಂದು ದನಿ ಬಂತು: "ತೀರ್ಥಹಳ್ಳಿ ಪೇಟೆಯಲ್ಲಿ ಒಣಶುಂಠಿ..."

ಕೇರಿಗೆ ಕೇರಿಯೇ ಅಂಚಿನುದ್ದಕ್ಕೂ ಬೋರಲು ಬಿದ್ದು ತಲೆ ಆಚೆ ಚಾಚಿತು. ಎರಡಾಳು ಕೆಳಗೆ, ಕಲ್ಲಿನ ಸಂದಿಯಲ್ಲಿ ಬೆಳೆದ ಮುಳ್ಳಿನ ಗಿಡಕ್ಕೆ ಪಟ್ಟಿ ಸಿಕ್ಕಿಕೊಂಡು ರೇಡಿಯೋ ತೊಟ್ಟಿಲಿನಂತೆ ತೂಗುತ್ತಿತ್ತು.

"ಎಂತ ಸಮಾ ಕೇಂತ್ ಮಾರಾಯ!" ಎಂದ ಪದ್ದು. "ಒಂಚೂರೂ ಕೊರಕೊರ ಇಲ್ಲೆ!"

"ಬೊಂಬಾಯಂಗಿದ್ದವನ್ ತಲಿ ಅಂದ್ರೆ ತಲಿ!" ಚಂದಯ್ಯ ಬಿದ್ದಲ್ಲಿಂದೆದ್ದು ಭೋಜರಾಜನ ಬೆನ್ನು ತಟ್ಟಿದರು. "ಅಲ್ಲೇ ತೂಗ್ ಹಾಕ್ಕ್ ಅಂದೇಳಿ ನಮ್ಗ್ಯಾರಿಗೂ ಹೊಳಿಲಿಲ್ಲ ಕಾಣ್. ಇನ್ ಅದ್ ಊರಿಗೇ ಆಯ್ತ್. ದಿನಾ ಇಲ್ಲೇ ಬಪ್ಪ."

"ಸೆಲ್ಲ್ ಮುಗ್ದ್ರೆ?" ಎಂದು ಯಾರೋ ಕೇಳಿದರು.

ಎಲ್ಲರೂ ತಲೆ ತಿರುಗಿಸಿ ಭೋಜರಾಜನನ್ನು ನೋಡಿದರು. ಆ ನೋಟದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

"ನಾಳಿನ್ ಬಸ್ಸಿಗ್ ಹೋಪುದ್ ಬ್ಯಾಡ," ಎಂದರು ಚಂದಯ್ಯ. "ಮುಂದಿನ್ ವಾರಕ್ಕೆ ನಾ ಹೇಳಿ ಸೀಟ್ ಮಾಡ್ಸ್ತೆ. ಪದ್ದು, ಓಡ್, ಬಾವಿ ಹಗ್ಗ ತಕಂಡ್ ಬಾ. ಬೆಳ್ಕಿಪ್ಪ ಹೊತ್ತಿಗೇ ಇವನ್ನ ಒಂದ್ ಸಲ ಇಳ್ಸಿ ಅಳ್ತಿ ಕಂಡ್ಕಂಬ."

ಪದ್ದು ಓಡಿದ. ಭೋಜರಾಜ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಗಿರಿಜಕ್ಕ ಹತ್ತಿರ ಬಂದು ಅವನ ಸೊಂಟವನ್ನು ಮೆಲ್ಲಗೆ ಸವರಿ ನೋಡಿದರು.

"ಹೆದ್ರಬ್ಯಾಡ ಮಗಾ," ಎಂದರು. "ಬರೀ ಹಗ್ಗ ಆದ್ರೆ ಸೊಂಟ ಉಜ್ಜಿ ಹೋತ್ತ್. ನಂದೊಂದ್ ಹಳಿ ಸೀರಿ ಇತ್ತ್, ಮೆತ್ತಗಿತ್ತ್. ಅದನ್ ದಪ್ಪಕ್ ಸುತ್ತಿ ಕೊಡ್ತೆ."