ಸಿದ್ದೇಶ್ವರಯ್ಯನವರ ಸಕ್ಕರೆ ಸಂಹಾರ

‘ಒಂದೇ ತಿಂಗಳು! ಈ ಶುಗರ್ ಅನ್ನೋದನ್ನ ಬೇರುಸಮೇತ ಕಿತ್ತು ಬಿಸಾಕ್ತೀನಿ, ನೋಡ್ತಿರು!’ ಎಂದು ಚನ್ನರಾಯಪಟ್ಟಣದ ಬೂಸಾ ಅಂಗಡಿ ಸಿದ್ದೇಶ್ವರಯ್ಯ ಹೆಂಡತಿ ಶಾಂತಕುಮಾರಿಯ ಮುಂದೆ ತೊಡೆ ತಟ್ಟಿದರು.

ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊತ್ತುಹೊತ್ತಿಗೆ ಹಿತಮಿತವಾಗಿ ಉಣ್ಣಿ, ಚೆನ್ನಾಗಿ ನಡೆಯಿರಿ ಎಂದು ಹೇಳಿದ್ದರು. ಇಷ್ಟು ಸಪ್ಪೆ ಯುದ್ಧ ನಮ್ಮ ದಂಡನಾಯಕರಿಗೆ ಒಗ್ಗೀತೆ? ‘ಹೊಟ್ಟೆಗೇ ಏನೂ ಹಾಕದಿದ್ರೆ ಸಕ್ಕರೆ ಎಲ್ಲಿಂದ ಬರ್ಬೇಕು?’ ಎಂಬ ಸಿದ್ದೇಶ್ವರ ಸಿದ್ಧಾಂತವೇ ಹೊರಬಿತ್ತು. ಡಾಕ್ಟರ ಮಾತ್ರೆ ನುಂಗಿದರು. ಮಾತನ್ನು ಮಾತ್ರ ಉಗುಳಿದರು!

ಭಾನುವಾರ ಹಾಸನದಲ್ಲಿರುವ ತಂಗಿ ನಾಗಲಕ್ಷ್ಮಿಯ ಮನೆಗೆ ಹೊರಟಾಗಲೂ ಅಷ್ಟೇ. ಬೆಳಿಗ್ಗೆ ಮಾತ್ರೆ, ಮೇಲೊಂದು ಲೋಟ ಹಾಗಲಕಾಯಿ ರಸ. ಮುಗೀತು ತಿಂಡಿ!

‘ರೀ, ಮಾತ್ರೆ ತಗೊಂಡ್ಮೇಲೆ ಖಾಲಿ ಹೊಟ್ಟೇಲಿ ಇರ್ಬಾರ್ದಂತೆ. ಎರಡು ಚಪಾತಿ ತಿನ್ನಿ.’

‘ಡಾಕ್ಟರು ಓದಿದ್ದಾರೆ ಕಣೆ, ನಾನು ಯೋಚನೆ ಮಾಡಿದ್ದೀನಿ!’

ಶಾಂತಕುಮಾರಿ ಚಪಾತಿಯನ್ನು ಡಬ್ಬಿಗೆ ಹಾಕಿಕೊಂಡರು. ಆಟೋ ಬೇಡವೆಂದು ಯಜಮಾನರು ಬಸ್ ಸ್ಟ್ಯಾಂಡಿನವರೆಗೆ ದಂಡಯಾತ್ರೆಯಂತೆ ನಡೆದರು. ಬಸ್ಸಿನಲ್ಲಿ ಕೂತದ್ದೇ ತಡ, ಅಕ್ಕಪಕ್ಕದವರಿಗೆಲ್ಲ ಉಪದೇಶ ಶುರು: ‘ಸಕ್ಕರೆ ವಿಷ ಸ್ವಾಮಿ, ವಿಷ!’

ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಪದೇಶ ತೊದಲತೊಡಗಿತು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಕೈ ನಡುಗಿತು. ಟಿಕೆಟ್ ಕೇಳಲು ಬಂದ ಕಂಡಕ್ಟರನ ಮೇಲೆ, ‘ನನ್ ಅಂಗಡೀಲಿ ನಿಂದೇನಯ್ಯ ಕೆಲ್ಸ?’ ಎಂದು ಹರಿಹಾಯ್ದರು. ಆಮೇಲೆ ಹೆಂಡತಿಯತ್ತ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: ‘ತಾವು ಎಲ್ಲಿ ಇಳೀಬೇಕು ಮೇಡಂ?’

ಬಸ್ಸೆಲ್ಲ ನಕ್ಕಿತು. ಶಾಂತಕುಮಾರಿ ನಗಲಿಲ್ಲ. ಗಂಡನ ಕೈ ಮುಟ್ಟಿದರೆ ತಣ್ಣಗೆ! ಬ್ಯಾಗಿನಿಂದ ಗ್ಲೂಕೋಸ್ ಪೊಟ್ಟಣ ತೆಗೆದು, ನೀರಿನ ಬಾಟಲಿಗೆ ಸುರಿದು ಅಲ್ಲಾಡಿಸಿದರು.

‘ಅಯ್ಯೋ, ಶುಗರ್ ಇರೋರ್ಗೆ ಗ್ಲೂಕೋಸಾ? ಗಂಡನ್ನ ಸಾಯಿಸ್ಬುಡ್ತೀಯ ಕಣವ್ವ!’ ಎಂದು ಹಿಂದಿನ ಸೀಟಿನಜ್ಜಿ ಕೂಗಿದರು.

‘ಮಾತ್ರೆ ನುಂಗಿ ಉಪವಾಸ ಇದ್ದಾರೆ ಅಜ್ಜಿ. ಸಕ್ಕರೆ ತೀರಾ ಕೆಳಕ್ಕೆ ಬಿದ್ದಿದೆ. ಎಚ್ಚರ ಇರುವಾಗ್ಲೇ ಕುಡಿಸ್ಬೇಕು. ಕಂಡಕ್ಟ್ರೇ, ಗಾಡಿ ನಿಲ್ಸಿ!’

ಆ ದನಿಗೆ ಕಂಡಕ್ಟರ್ ಸೀಟಿ ಊದಿಯೇಬಿಟ್ಟ. ಆದರೆ ಸಿದ್ದೇಶ್ವರಯ್ಯ ಬಾಯಿ ಬಿಗಿಹಿಡಿದು ಕೂತರು. ‘ಪ್ರಾಣ ಹೋದ್ರೂ ಸಕ್ಕರೆ ಮುಟ್ಟಲ್ಲ!’

‘ಸಕ್ಕರೆ ಯಾರು ಕೊಟ್ರು? ಹಾಗಲಕಾಯಿ ರಸ ಕಣ್ರೀ ಇದು!’

ಹಾಗೆಂದದ್ದೇ ತಡ, ಯಜಮಾನರು ಬಾಟಲಿ ಎತ್ತಿ ಗಟಗಟ ಕುಡಿದರು. ತುಟಿ ಚಪ್ಪರಿಸಿ, ‘ಆಹಾ! ಇಂಥ ಹಾಗಲಕಾಯಿ ಜನ್ಮದಲ್ಲೇ ತಿಂದಿರ್ಲಿಲ್ಲ! ಯಾವ ತೋಟದ್ದು?’ ಎಂದರು.

ಬಸ್ಸಿನವರೆಲ್ಲ ಎದ್ದು ಬಂದು ಸುತ್ತ ನಿಂತರು. ನಿಧಾನವಾಗಿ ಬೆವರು ಆರಿತು, ಕಣ್ಣು ತಿಳಿಯಾಯಿತು. ಸಿದ್ದೇಶ್ವರಯ್ಯ ಸುತ್ತ ನಿಂತ ಮುಖಗಳನ್ನು ಕಂಡು ಬೆಚ್ಚಿ, ‘ಏನಾಯ್ತೇ ಶಾಂತಾ?’ ಎಂದು ಪಿಸುಗುಟ್ಟಿದರು. ‘ಮೇಡಂ’ ಮತ್ತೆ ‘ಶಾಂತಾ’ ಆದ ಕೂಡಲೇ ಆಕೆಯ ಕಣ್ಣಲ್ಲಿ ನೀರು ಬಂತು. ಆದರೂ ಡಬ್ಬಿ ತೆರೆದು ಚಪಾತಿ ಚೂರನ್ನು ಅವರ ಬಾಯಿಗಿಟ್ಟರು. ‘ಗ್ಲೂಕೋಸ್ ಜೊತೇಲಿ ಇಟ್ಕೊಂಡಿರಿ ಅಂತ ಡಾಕ್ಟರು ಹೇಳುವಾಗ ನೀವು ಅವ್ರಿಗೇ ಪಾಠ ಹೇಳ್ತಿದ್ರಿ. ನಾನು ಕೇಳಿಸ್ಕೊಂಡೆ, ಅಷ್ಟೇ.’

ಅಂಗಡಿಯಲ್ಲಿ ಮಾತಿನಲ್ಲೇ ಮೂಟೆ ಮಾರುವ ಸಿದ್ದೇಶ್ವರಯ್ಯ ವಿಧೇಯವಾಗಿ ಚಪಾತಿ ಅಗಿಯುತ್ತ, ‘ಇವಳಿಗೆ ಇಷ್ಟೆಲ್ಲ ಗೊತ್ತೆ!’ ಎಂದು ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು.

ಬಸ್ಸು ಮತ್ತೆ ಹೊರಟು ಹಾಸನ ಬಂತು. ‘ನಾನೀಗ ಚೆನ್ನಾಗಿದ್ದೀನಲ್ಲ’ ಎಂದರೂ ಬಿಡದೆ, ಮೊದಲು ಆಸ್ಪತ್ರೆ, ಆಮೇಲೆ ನಾಗಲಕ್ಷ್ಮಿ ಮನೆ ಎಂದು ಶಾಂತಕುಮಾರಿ ತೀರ್ಪು ಕೊಟ್ಟರು. ಇಳಿಯುತ್ತಿದ್ದಂತೆ ಅರ್ಧ ಬಸ್ಸು ಸುತ್ತುವರಿಯಿತು. ತನ್ನ ಆರೋಗ್ಯ ವಿಚಾರಿಸಲು ಬಂದರೆಂದು ಸಿದ್ದೇಶ್ವರಯ್ಯ ಗಂಭೀರವಾಗಿ ಎದೆ ಸೆಟೆಸಿ ನಿಂತರು.

ಕಂಡಕ್ಟರ್ ಮುಂದೆ ಬಂದ. ‘ಸಾ, ಒಸಿ ಪಕ್ಕಕ್ಕೆ ಬನ್ನಿ. ನಂಗೂ ಶುಗರ್ ಐತೆ, ಅಮ್ಮಾರ್ನ ಒಂದ್ಮಾತು ಕೇಳ್ಬೇಕು. ನೀವು ಬ್ಯಾಗ್ ಇಡ್ಕೊಂಡಿರಿ!’