ಕಂಬಕ್ಕೆ ಸೀರೆ, ಎಮ್ಮೆಗೆ ಸೈರನ್

ಒಂದು ಕೆಲಸಕ್ಕೆಂದು ಮಾಡಿಕೊಟ್ಟ ಸಾಮಾನನ್ನು ನಮ್ಮ ಜನ ಅದೇ ಕೆಲಸಕ್ಕೆ ಬಳಸಿದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಪ್ರತಿ ಸಲ ಊರಿಗೆ ಕಾಲಿಡುವಾಗ, ಈ ಸಲ ಏನು ಮಾಡಿಟ್ಟಿದ್ದಾರೋ ನೋಡೋಣ ಎಂಬ ಕುತೂಹಲವೇ ಹೆಚ್ಚು.

ನಾನು ಸಿವಿಲ್ ಇಂಜಿನಿಯರ್. ಗೋಕಾಕದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಪ್ರವಾಹ ಬರುವ ಮೊದಲೇ ಜನರಿಗೆ ತಿಳಿಯುವಂತೆ ವ್ಯವಸ್ಥೆ ಮಾಡುವುದು ನನ್ನ ಪಾಲಿಗೆ ಬಂದಿದೆ. ನೀರು ಏರುತ್ತಿದೆ ಎಂದು ತಿಳಿಸಬೇಕು, ಜನ ಎದ್ದು ಎತ್ತರದ ಜಾಗಕ್ಕೆ ಹೋಗಬೇಕು. ತಿಳಿಸುವುದೇನೋ ಇಂಜಿನಿಯರಿಂಗ್. ಜನರನ್ನು ಎಬ್ಬಿಸುವುದು ಇದೆಯಲ್ಲ, ಅದನ್ನು ನಮಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಹಿಂದೊಮ್ಮೆ ಹೊಳೆ ಬಂದಾಗ ಒಂದು ಊರಿನ ಕೆಳಗಿನ ಓಣಿಯವರು ಮನೆ ಬಿಟ್ಟು ಕದಲಲಿಲ್ಲ. ಕೊನೆಗೆ ಗಂಡ, ಹೆಂಡತಿ, ಕೈಗೂಸನ್ನು ಮಾಳಿಗೆಯ ಮೇಲಿಂದ ದೋಣಿಗೆ ಇಳಿಸಿದ್ದನ್ನು ಕಣ್ಣಾರೆ ನೋಡಿದೆ. ದೋಣಿ ಬರುವುದು ತಡವಾಗಿದ್ದರೆ ಮೂವರೂ ಉಳಿಯುತ್ತಿರಲಿಲ್ಲ. ಮುಂದಿನ ಸಲ ನೀರು ಬರುವ ಮೊದಲು ಆ ಓಣಿ ಖಾಲಿಯಾಗಬೇಕು ಎನ್ನುವುದೊಂದೇ ನನ್ನ ಹಟ.

ಸೀರೆ ಉಟ್ಟ ಕಂಬ

ಹುಕ್ಕೇರಿ ತಾಲೂಕಿನ ಒಂದು ಊರಿನಲ್ಲಿ ಹೊಳೆಯ ಮೆಟ್ಟಿಲ ಬಳಿ ಕಾಂಕ್ರೀಟ್ ಕಂಬ ನಿಲ್ಲಿಸಿದೆವು. ಕೆಳಗೆ ಹಸಿರು, ನಡುವೆ ಹಳದಿ, ಮೇಲೆ ಕೆಂಪು. ನೀರು ಯಾವ ಬಣ್ಣಕ್ಕೆ ಬಂತು ಎಂದು ನೋಡಿದರೆ ಸಾಕು, ಓದು ಬರಹ ಬೇಕಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡು ಬೆಲ್ಲದ ಬಾಗೇವಾಡಿ ಕಡೆ ಬೇರೆ ಕೆಲಸಕ್ಕೆ ಹೋದೆ.

ಮರಳಿ ಬಂದು ನೋಡಿದರೆ ಬಣ್ಣವೇ ಮಾಯ. ಕಂಬದ ನೆತ್ತಿಗೆ ಅರಿಷಿಣ ಕುಂಕುಮ, ಕೊರಳಿಗೆ ಹೂವಿನ ಹಾರ, ಮೈತುಂಬ ಹಸಿರು ಸೀರೆ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದೆ: "ಅಕ್ಕಾರ, ಕಂಬಕ್ಕ ಸೀರಿ ಯಾಕ ಉಡಿಸೀರಿ?"

"ಹೊಳಿಯೊಳಗ ಒಬ್ಬಾಕಿನ ನಿಂತಾಳ್ರಿ. ಬರಿಮೈಲೆ ಬಿಡಾಕ ಬರತೈತೇನ್ರಿ?"

"ಅದು ಖರೆ. ಆದ್ರ ಬಣ್ಣ ಎಲ್ಲಾ ಮುಚ್ಚಿ ಹೋತಲ್ರಿ. ನೀರ ಎಷ್ಟ ಏರಿತು ಅನ್ನೂದು ಹೆಂಗ ತಿಳೀತೈತಿ?"

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ಬಡಿದು ಹೇಳಿದಳು: "ಅಂಚ ತೋಯ್ದ್ರ ದನಾ ಬಿಚ್ಚೂದ್ರಿ. ನಿರಿಗಿ ತೋಯ್ದ್ರ ಸಾಮಾನ ಕಟ್ಟೂದು. ಸೆರಗ ತೋಯ್ದ್ರ ಊರ ಬಿಡೂದು. ಬಣ್ಣ ತಗೊಂಡ ಏನ್ ಮಾಡ್ತೀರಿ ಮ್ಯಾಡಮ್?"

ಅಂದಿನಿಂದ ಆ ಊರಿನ ನಿರ್ವಹಣೆ ಖರ್ಚಿನಲ್ಲಿ ವರ್ಷಕ್ಕೊಂದು ಸೀರೆ ಎಂದು ಬರೆದು ಕಳಿಸುತ್ತೇನೆ. ಲೆಕ್ಕದ ಸಾಹೇಬರು ಬೈಯಬಹುದು ಎಂದು ಹೆದರಿದ್ದೆ. ಅವರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಬರೇ ಸೀರಿ ಬರದೀರಲ್ರಿ, ಕುಬಸಕ್ಕ ಖಣ ಬ್ಯಾಡೇನು?"

ತರಬೇತಿ ಮುಗಿಸಿದವರು

ಮೂಡಲಗಿ ತಾಲೂಕಿನ ಇನ್ನೊಂದು ಊರಿನಲ್ಲಿ ಸೈರನ್ ಕೂರಿಸಬೇಕಿತ್ತು. ಎತ್ತರದ ಕಟ್ಟಡ ಎಂದರೆ ಹಾಲಿನ ಡೈರಿಯೇ. ಸ್ವಿಚ್ಚನ್ನು ಡೈರಿಯ ಸೆಕ್ರೆಟರಿಗೆ ಒಪ್ಪಿಸಿ, "ಹಂಗ ಬಿಟ್ರ ಕೆಡತೈತ್ರಿ, ಆಗಾಗ ಒತ್ತಿ ನೋಡ್ರಿ" ಎಂದು ಹೇಳಿ ಬಂದೆ. ಮಾತು ಕೇಳುವ ಮನುಷ್ಯ. ದಿನಾ ಬೆಳಿಗ್ಗೆ ಸಂಜೆ, ಹಾಲು ಹಿಂಡುವ ಹೊತ್ತಿಗೆ ಸರಿಯಾಗಿ ಒತ್ತತೊಡಗಿದ. ಊರಿಗೂ ಅನುಕೂಲವಾಯಿತು.

ಇದು ಗೊತ್ತಿಲ್ಲದ ನಾನು ಒಮ್ಮೆ ಬೆಳಗಾವಿಯಿಂದ ಬಂದ ನಮ್ಮ ಹಿರಿಯ ಸಾಹೇಬರನ್ನು ಕರೆದುಕೊಂಡು ಹೋಗಿ, ಮಟಮಟ ಮಧ್ಯಾಹ್ನ ಸ್ವಿಚ್ ಒತ್ತಿಸಿದೆ. ಜನ ಹೊರಗೆ ಬರಲಿಲ್ಲ. ಆದರೆ ಊರಿನ ಎಲ್ಲ ದಿಕ್ಕಿನಿಂದ ಎಮ್ಮೆಗಳು ಕೂಗತೊಡಗಿದವು. ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಖಾಲಿ ಚರಿಗೆ ಹಿಡಿದು ಓಡಿ ಬಂದಳು.

"ಯಾರ್ರೀ ಅದು ಹೊತ್ತಿಲ್ಲದ ಹೊತ್ತಿನಾಗ ಒತ್ತಿದಾವ್ರು? ನಮ್ಮ ಎಮ್ಮಿ ನಿಂತಲ್ಲೇ ಹಾಲ ಸೋರಸಾಕತ್ತೈತಿ! ಈಗ ಬಂದ ನೀವ ಹಿಂಡ್ರಿ!"

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಗಂಭೀರವಾಗಿ ಸೆಕ್ರೆಟರಿಯನ್ನು ಕೇಳಿದರು: "ಸೈರನ್ ಬಗ್ಗೆ ಊರಲ್ಲಿ ತರಬೇತಿ ಆಗಿದೆಯಾ?"

ಆತ ಕೈಕಟ್ಟಿ ನಿಂತು ಹೇಳಿದ: "ಎಮ್ಮಿಗೋಳಿಗೆ ಪೂರ್ತಿ ಆಗೇತ್ರಿ ಸಾಹೇಬ್ರ. ಮಂದೀದು ಸ್ವಲ್ಪ ಬಾಕಿ ಐತಿ."

ಮುರಿಯದ ಕಾಲು

ಗೋಕಾಕ ತಾಲೂಕಿನ ಊರಿನ ಕಥೆಯೇ ಬೇರೆ. ಮಾಳಿಗೆಯಿಂದ ಕೈಗೂಸನ್ನು ದೋಣಿಗೆ ಇಳಿಸಿದ ಆ ಕೆಳಗಿನ ಓಣಿ ಇರುವುದು ಇಲ್ಲೇ. ಹೀಗಾಗಿ ಇಲ್ಲಿ ಒಂದು ದಿನ ಅಣಕು ಕಾರ್ಯಾಚರಣೆ ಇಟ್ಟೆ. ಸೈರನ್ ಆದ ಕೂಡಲೇ ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಬರಬೇಕು, ಇದನ್ನು ಖರೆ ಎಂದೇ ತಿಳಿದು ಮಾಡಬೇಕು ಎಂದು ಮತ್ತೆ ಮತ್ತೆ ಹೇಳಿದ್ದೆ. ಕಾಲು ಮುರಿದವನ ಪಾತ್ರಕ್ಕೆ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಮುಂದೆ ಬಂದ. ಅವನ ಕಾಲಿಗೆ ಪಟ್ಟಿ ಕಟ್ಟಿ, ಸ್ಟ್ರೆಚರ್ ಮೇಲೆ ಮಲಗಿಸಿ, ನಾಲ್ಕು ಮಂದಿ ಹೊತ್ತು ಗುಡ್ಡ ಹತ್ತಿದರು. ಪಟ್ಟಿಯ ಮೇಲೆ ಯಾರೋ ಕುಂಕುಮದ ನೀರನ್ನೂ ಚಿಮುಕಿಸಿದ್ದರು.

ಫೋಟೋ ವಾಟ್ಸಾಪಿನಲ್ಲಿ ಹೋಯಿತು. ಶಾಲೆಯ ಅಂಗಳದಲ್ಲಿ ನನ್ನ ಭಾಷಣ ಇನ್ನೂ ನಡೆದಿತ್ತು, ತುಕ್ಕಾನಟ್ಟಿಯಿಂದ ಅವನ ಅಕ್ಕ ಟಂಟಂ ರಿಕ್ಷಾದಲ್ಲಿ ಬಂದಿಳಿದಳು. ಕೈಯಲ್ಲಿ ಎಳನೀರು, ಬಾಳೆಹಣ್ಣು, ಬಾಯಲ್ಲಿ ಅಳು. ಸ್ಟ್ರೆಚರ್ ಪಕ್ಕ ಕುಸಿದು ಕೂತು, "ಯಾವ ದೇವ್ರಿಗೆ ಏನ್ ಕಡಿಮಿ ಮಾಡಿದ್ನೋ ತಮ್ಮಾ!" ಎಂದು ಎದೆ ಬಡಿದುಕೊಂಡಳು.

ನಾನು ಓಡಿ ಹೋಗಿ, "ಅಕ್ಕಾರ, ಏನೂ ಆಗಿಲ್ರಿ, ಇದು ಸೋಂಗು" ಎಂದೆ. ಆಕೆ ನಂಬಲಿಲ್ಲ. ತಮ್ಮನ ಮುಖ ನೋಡಿದಳು. ಅವನು ಆಗಲೇ ಎರಡನೆಯ ಬಾಳೆಹಣ್ಣು ಸುಲಿಯುತ್ತಿದ್ದ.

"ಖರೆ ಹೇಳ್ಲೇ, ಕಾಲ ಮುರದೈತೋ ಇಲ್ಲೋ?"

"ಮ್ಯಾಡಮ್ಮಾರು ಎದ್ದೇಳ ಅನ್ನೂತನಕ ಮುರದೈತಿ ನೋಡಕ್ಕಾ," ಎಂದು ಅವನು ಎಳನೀರಿಗೆ ಕೈ ಚಾಚಿದ.

ಹೊಳೆ ಬಂದ ದಿನ

ಮುಂದೆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಮೇಲಿನಿಂದ ದೊಡ್ಡ ನೀರು ಬರುತ್ತಿದೆ, ಮಧ್ಯಾಹ್ನದ ಹೊತ್ತಿಗೆ ಇದೇ ಊರಿನ ಕೆಳಗಿನ ಓಣಿ ಮುಳುಗಬಹುದು ಎಂದು ಸುದ್ದಿ ಬಂತು. ಸ್ಕೂಟರ್ ಹತ್ತಿ ಓಡಿದೆ. ಪಂಚಾಯಿತಿ ಮಾಳಿಗೆಯ ಸೈರನ್ ಒತ್ತಿ ಹಿಡಿದೆ. ಒಬ್ಬ ಮಾತ್ರ ಹೊರಗೆ ಬಂದು ಕೇಳಿದ: "ಇವತ್ತೂ ಸೋಂಗ ಐತೇನ್ರಿ ಮ್ಯಾಡಮ್?"

"ಇಲ್ರಿ! ಇದು ಖರೆ!"

"ಹೋದ ಸಲನೂ ಖರೆ ಅಂತ ತಿಳ್ಕೊಳ್ರಿ ಅಂದಿದ್ರಲ್ಲ," ಎಂದು ಒಳಗೆ ಹೋದ.

ಮನೆ ಮನೆ ತಿರುಗಿದೆ. ಒಬ್ಬರ ಮನೆಯಲ್ಲಿ ಒಲೆಯ ಮೇಲೆ ಅನ್ನವಿತ್ತು. ಇನ್ನೊಬ್ಬರ ಸೊಸೆ ತಲೆ ತೊಳೆದುಕೊಳ್ಳುತ್ತಿದ್ದಳು. ಮತ್ತೊಬ್ಬರು, "ಹೊಸ್ತಿಲಕ ಬರಲಿ, ಆಮ್ಯಾಲ ನೋಡೂಣು" ಎಂದರು. ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಇನ್ನು ದೋಣಿಯೇ ಗತಿ ಎಂದು ಓಣಿಯ ಬಾಯಲ್ಲಿ ನಿಂತುಬಿಟ್ಟೆ.

ನನ್ನ ಮಾತು ನಂಬಿದವರು ಒಬ್ಬರೇ, ರೇಷನ್ ಅಂಗಡಿಯ ಕಾಕಾ. ಅವರ ಅಂಗಡಿಯೂ ತಗ್ಗಿನಲ್ಲೇ. ಅಕ್ಕಿ ಹೋದರೆ ಹೋಗಲಿ, ಹೆಬ್ಬೆಟ್ಟು ಒತ್ತುವ ಸರ್ಕಾರದ ಮಷೀನು ತೊಯ್ದರೆ ಯಾರಿಗೆ ಉತ್ತರ ಹೇಳುವುದು ಎಂಬುದು ಅವರ ಚಿಂತೆ. ಮಷೀನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎದೆಗವುಚಿಕೊಂಡು, ಲುಂಗಿ ಎತ್ತಿ ಕಟ್ಟಿ, ಶಾಲೆಯ ಗುಡ್ಡದ ಕಡೆ ಓಟ ಕಿತ್ತರು.

ಆ ವಾರವೆಲ್ಲ ಊರಿನಲ್ಲಿ ಒಂದೇ ಗೋಳು ನಡೆದಿತ್ತು. ರೇಷನ್ ಕಾರ್ಡಿನಲ್ಲಿ ಇರುವವರೆಲ್ಲ ಆಧಾರ್ ಹಿಡಿದು ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು, ಇಲ್ಲದಿದ್ದರೆ ಹೆಸರು ಕಡಿಯುತ್ತಾರೆ. ಒತ್ತೋಣ ಎಂದರೆ ಸರ್ವರ್ ಇರುವುದಿಲ್ಲ. ಅದು ಒಮ್ಮೊಮ್ಮೆ ಗುಡ್ಡದ ಮೇಲೆ ಸಿಗುತ್ತದೆ, ಆಗ ಕಾಕಾ ಮಷೀನು ಹಿಡಿದು ಓಡುತ್ತಾರೆ, ಮೊದಲು ಮುಟ್ಟಿದವರ ಕೆಲಸ ಆಗುತ್ತದೆ.

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿಯೊಬ್ಬಳು ಕಾಕಾ ಓಡುವುದನ್ನು ನೋಡಿದಳು. ಮೊರ ಅಲ್ಲೇ ಬಿಟ್ಟು ಎದ್ದು ಕೂಗಿದಳು:

"ಏಳ್ರೋ! ಸರ್ವರ್ ಬಂತು!"

ಓಣಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಕೂಸುಗಳು ಕಂಕುಳಲ್ಲಿ, ಆಧಾರ್ ಕಾರ್ಡುಗಳು ಪ್ಲಾಸ್ಟಿಕ್ ಚೀಲದಲ್ಲಿ. ತಲೆ ತೊಳೆಯುತ್ತಿದ್ದ ಸೊಸೆ ನೊರೆ ಸಮೇತ ಹೊರಟಳು. ಹಾಸಿಗೆ ಹಿಡಿದಿದ್ದ ಅವಳ ಮಾವನನ್ನು ಗಂಡುಮಕ್ಕಳು ಮಂಚದ ಸಮೇತ ಹೊತ್ತರು, ಅವನ ಹೆಬ್ಬೆಟ್ಟೂ ಬೇಕಲ್ಲ. ಮನೆಯವರೆಲ್ಲ ಒಟ್ಟಿಗೆ ಹೊರಡಿ, ಕಾಗದಪತ್ರ ಮರೆಯಬೇಡಿ, ವಯಸ್ಸಾದವರನ್ನು ಬಿಟ್ಟು ಬರಬೇಡಿ ಎಂದು ನಾನು ಹಂಚಿದ್ದ ಕರಪತ್ರವನ್ನು ಯಾರೂ ಓದಿರಲಿಲ್ಲ. ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದರು. ನಿಜ ಹೇಳಲು ಬಾಯಿ ತೆರೆದವಳು, ಬಿದ್ದ ಗಂಟಲಿನಲ್ಲೇ ಕಿರುಚಿದೆ: "ಲಗೂ ಲಗೂ ನಡೀರಿ, ಹೋಗಿಬಿಡ್ತೈತಿ!"

ಮೇಲೆ ಹೋಗಿ ನೋಡಿದ ಮೇಲೆಯೇ ಅವರಿಗೆ ಹೊಳೆ ಕಂಡದ್ದು. ಗಂಡಸರು ಕೆಳಗೆ ಓಡಿ ದನಗಳನ್ನು ಬಿಚ್ಚಿ ಹೊಡೆದುಕೊಂಡು ಬಂದರು. ಮಧ್ಯಾಹ್ನ ಎಲ್ಲರ ಕಣ್ಣೆದುರೇ ಕೆಂಪು ನೀರು ಓಣಿಗೆ ನುಗ್ಗಿತು. ನಾನು ಮನೆಮನೆಯ ಹೆಸರು ಕೂಗಿ ಕೇಳಿದೆ. ಒಬ್ಬರೂ ಕೆಳಗೆ ಉಳಿದಿರಲಿಲ್ಲ. ಶಾಲೆಯ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಹಿಂದಿನಿಂದ ಯಾರೋ ದುಪಟ್ಟಾ ಜಗ್ಗಿದರು. ನೋಡಿದರೆ ಶೇಂಗಾ ಅಜ್ಜಿ.

"ಆಮ್ಯಾಲ ಅಳುವಂತಿ ಯವ್ವಾ. ಮೊದಲ ಕಾಕಾಗ ಹೇಳಿ ನನ್ನ ಹೆಬ್ಬೆಟ್ಟ ಒತ್ತಸ. ಮನಿ ಹೋದ್ರ ಹೋಗ್ಲಿ, ಹೆಸರ ಹೋಗಬಾರದು."

ಕಾಕಾ ಪ್ಲಾಸ್ಟಿಕ್ ಬಿಚ್ಚಿ ಮಷೀನು ಹಚ್ಚಿದರು. ಇಡೀ ಓಣಿ ಸುತ್ತ ಮುತ್ತಿಕೊಂಡು ನೋಡಿತು. ಕಾಕಾ ತಲೆ ಅಲ್ಲಾಡಿಸಿದರು. "ಸರ್ವರ್ ಇಲ್ಲಬೇ ಅಮ್ಮಾ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, ಕೆಳಗೆ ಮಾಳಿಗೆಯ ತನಕ ಮುಳುಗಿ ನಿಂತಿದ್ದ ತನ್ನ ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹಂಗಾರ ಇಷ್ಟ ದೂರ ಸುಮ್ಮಸುಮ್ಮನ ಬಂದಂಗಾತಲ್ಲ ಯವ್ವಾ!"