ಭಾವನ ಮೂರು ‘ಬ್ಯಾಡ’

ನಮ್ಮ ಭಾವನಷ್ಟು ಶಿಸ್ತಿನಿಂದ ವ್ಯಾಯಾಮ ಮಾಡಿ, ಅಷ್ಟೇ ಶಿಸ್ತಿನಿಂದ ಹೊಟ್ಟೆಯನ್ನು ಇದ್ದ ಹಾಗೇ ಕಾಪಾಡಿಕೊಂಡ ಮನುಷ್ಯ ಹರಿಹರದಲ್ಲಂತೂ ಇಲ್ಲ, ದಾವಣಗೆರೆಯಲ್ಲೂ ನಾನು ಕಂಡಿಲ್ಲ! ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಆ ಕೊರೊನಾ ವರ್ಷದಲ್ಲಿ ಅವರು ಮಾಡಿದ ಸಾಧನೆ ಅದು. ನೀವು ನಗ್ತೀರಿ. ನಗ್ರಿ, ನಾವೂ ನಕ್ಕಿದ್ದೇವೆ. ನಮ್ಮಕ್ಕ ಮಾತ್ರ ಆ ವರ್ಷವೆಲ್ಲ ಒಂದು ದಿನವೂ ಮನಸಾರೆ ನಗಲಿಲ್ಲ.

ಯಾಕೆ ಅಂತ ಹೇಳಿಬಿಡ್ತೀನಿ. ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ ಭಾವ ಶುಗರ್ ತೋರಿಸಿಕೊಳ್ಳೋದಕ್ಕೆ ಹರಿಹರದಿಂದ ದಾವಣಗೆರೆಗೆ ಬಂದಿದ್ದರು. ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ, ಅಕ್ಕನೂ ಜೊತೆಗಿದ್ದಳು. ಡಾಕ್ಟರು ರಿಪೋರ್ಟು ನೋಡಿದರು, ಭಾವನ ಹೊಟ್ಟೆ ನೋಡಿದರು, ಮತ್ತೆ ರಿಪೋರ್ಟು ನೋಡಿದರು. “ಯಜಮಾನ್ರೇ, ಶುಗರ್ ಐತೆ, ಬಿಪಿ ಐತೆ, ಮೇಲೆ ಇಷ್ಟು ತೂಕ ಐತೆ. ಈ ಹೊಸ ರೋಗ ಏನಾದ್ರೂ ನಿಮಗೆ ಬಂತೋ, ತಡಕೊಳ್ಳೋದು ಕಷ್ಟ. ಅದು ಬರೋದ್ರೊಳಗೆ ಇಳೀರಿ” ಅಂದರು.

ಹೊರಗೆ ಬಂದ ಕೂಡಲೇ ಭಾವ, “ಇಳೀರಿ ಅಂತಾರಲ್ಲ ಮೇಷ್ಟ್ರೇ, ನಾನೇನು ಬಸ್ಸಿನಾಗೆ ಕೂತೀನಾ?” ಅಂದರು. ನಾನು ಹೈಸ್ಕೂಲ್ ಮೇಷ್ಟ್ರು, ಸ್ವಂತ ಹೆಂಡತಿಯ ತಮ್ಮನಾದರೂ ಅವರು ಕರೆಯೋದು ಹಾಗೇ. ನಾನು ಜೋರಾಗಿ ನಕ್ಕೆ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡು, “ನಗಬ್ಯಾಡೋ. ಇವರು ತಡಕೊಳ್ಳಲ್ಲ ಅಂದ್ರು ಡಾಕ್ಟ್ರು, ಕೇಳಿಸ್ತೋ ಇಲ್ಲೋ?” ಅಂದಳು.

ಲಾಕ್‌ಡೌನ್ ಶುರುವಾದದ್ದು ಯುಗಾದಿ ದಿನವೇ ಅಲ್ಲವೇ? ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಭಾವ ಫೋನಿನಲ್ಲೇ ಪ್ರತಿಜ್ಞೆ ಮಾಡಿದರು. ಮುಂದಿನ ಯುಗಾದಿಯೊಳಗೆ ಸೊಂಟ ನಾಲ್ಕು ಇಂಚು ಇಳಿಸೋದು, ದಿನಾ ನಡೆಯೋದು, ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಬಿಡೋದು. ವರ್ಷ ತುಂಬಿದ ದಿನ ನಾನು ಹರಿಹರಕ್ಕೆ ಹೋಗಿ ಪರೀಕ್ಷೆ ಮಾಡಿ ಪಾಸೋ ಫೇಲೋ ಹೇಳಬೇಕು. “ಪೇಪರ್ ಸ್ವಲ್ಪ ಸಡಿಲ ತಿದ್ದಿ” ಅಂತ ಅವತ್ತೇ ವಶೀಲಿಯನ್ನೂ ಹಚ್ಚಿದರು!

ಭಾವನದು ಬಟ್ಟೆ ಅಂಗಡಿ. ಅಂಗಡಿಯ ಟೇಪು ಮನೆಗೆ ಬಂತು. ಬಟ್ಟೆ ವ್ಯಾಪಾರದಲ್ಲಿ ಒಂದು ಮರ್ಯಾದೆ ಇದೆ, ನಿಮಗೂ ಗೊತ್ತಿರುತ್ತದೆ: ಅಳತೆಯಾದ ಮೇಲೆ ಗಿರಾಕಿಗೆ ನಾಲ್ಕು ಬೆರಳು ಹೆಚ್ಚಿಗೆ, ಕೊಸರು ಅಂತ, ಬಿಡಬೇಕು. ಬಟ್ಟೆ ನೀರು ಕಂಡರೆ ಕುಗ್ಗುತ್ತದಲ್ಲ, ಅದಕ್ಕೆ. ಮೂವತ್ತು ವರ್ಷ ಊರಿಗೆಲ್ಲ ಕೊಸರು ಬಿಟ್ಟ ಕೈ, ತನ್ನ ಸೊಂಟಕ್ಕೆ ಬಿಡದೆ ಇರುತ್ತದೆಯೇ? ಟೇಪು ಸುತ್ತೋದು, ಉಸಿರು ಒಳಗೆ ಎಳೆಯೋದು, ಬಂದ ಅಳತೆಯಲ್ಲಿ ನಾಲ್ಕು ಬೆರಳು ಕಳೆಯೋದು! ವಾರಕ್ಕೊಂದು ಸಲ ಫೋನು ಬರುತ್ತಿತ್ತು.

“ಮೇಷ್ಟ್ರೇ, ಎರಡು ಇಂಚು ಇಳಿದೈತೆ!”

ಹಿಂದಿನಿಂದ ಅಕ್ಕನ ದನಿ: “ಇಳಿದಿಲ್ಲ ಕಣೋ, ಕೊಸರು ಬಿಟ್ಕೊಂಡಾರೆ!”

“ಏ, ವ್ಯಾಪಾರದ ಧರ್ಮ ನಿಂಗೇನು ಗೊತ್ತಾಗತೈತೆ?”

“ಆ ರೋಗಕ್ಕೂ ಕೊಸರು ಬಿಡು ಅಂತ ಹೇಳ್ರಿ ಮತ್ತೆ!” ಅನ್ನುತ್ತಿದ್ದಳು ಅಕ್ಕ. ಅಷ್ಟು ಹೇಳಿ ಫೋನು ಕಸಿದುಕೊಂಡು ಇಟ್ಟೇಬಿಡುತ್ತಿದ್ದಳು.

ಇನ್ನು ವಾಕಿಂಗು. ಮೊದಮೊದಲು ಬೀದಿಗೆ ಕಾಲಿಡೋ ಹಾಗಿರಲಿಲ್ಲ, ತಾರಸಿಯ ಮೇಲೇ ನಡೆಯಬೇಕಿತ್ತು. ಭಾವ ತಾರಸಿ ಹತ್ತಿದರೆ ಸಾಕು, ಅಕ್ಕಪಕ್ಕದ ತಾರಸಿಗಳೆಲ್ಲ ತುಂಬಿಕೊಳ್ಳುತ್ತಿದ್ದವು. ಎರಡು ಸುತ್ತು ನಡಿಗೆ, ಆಮೇಲೆ ಕಟ್ಟೆಗೆ ಒರಗಿ ಭಾಷಣ. ಚೀನಾದಿಂದ ಹಿಡಿದು ಎದುರು ಮನೆಯವರ ಸೊಸೆಯ ಸೀಮಂತದವರೆಗೆ ಬಿಟ್ಟ ವಿಷಯವಿಲ್ಲ! “ಮಾತಾಡೋದೂ ವ್ಯಾಯಾಮಾನೇ ಮೇಷ್ಟ್ರೇ, ಶ್ವಾಸಕೋಶಕ್ಕೆ ಒಳ್ಳೇದು” ಅಂತ ಸಮರ್ಥನೆ ಬೇರೆ.

ಲಾಕ್‌ಡೌನ್ ಸಡಿಲವಾದ ಮೇಲೆ ಹೊಳೆ ದಂಡೆಗೆ ಹೊರಟರು. ಮಾಸ್ಕು ಹಾಕಿಕೊಂಡು, ಕೈ ಬೀಸಿಕೊಂಡು ಹೋಗುತ್ತಿದ್ದ ಆ ಠೀವಿ ಏನು! ಅಕ್ಕನಿಗೂ ಜೀವ ಬಂದ ಹಾಗಾಯಿತು. ಆದರೆ ಒಂದು ದಿನ ಮಾಸ್ಕು ಒಗೆಯುವಾಗ ನೋಡುತ್ತಾಳೆ, ಒಳಮಗ್ಗುಲೆಲ್ಲ ಎಣ್ಣೆ ಜಿಡ್ಡು, ಅಂಚಿನಲ್ಲಿ ಹಳದಿ! ದಂಡೆಗೆ ಹೋಗುವ ದಾರಿಯಲ್ಲಿ ಒಬ್ಬ ಮೆಣಸಿನಕಾಯಿ ಬಜ್ಜಿ ಹಾಕುತ್ತಿದ್ದನಂತೆ. ಭಾವ ಬಜ್ಜಿಯನ್ನು ಮಾಸ್ಕಿನೊಳಗೆ ಸೇರಿಸಿಕೊಂಡು, ಮೇಲಿಂದ ಯಾರಿಗೂ ಕಾಣದ ಹಾಗೆ ಅಗಿಯುತ್ತಾ ನಡೆಯುತ್ತಿದ್ದರಂತೆ! ಸರ್ಕಾರ ಮಾಸ್ಕು ಹಾಕಿಕೊಳ್ಳಿ ಅಂದದ್ದು ಇದಕ್ಕೇನ್ರೀ?

ಅಕ್ಕ ಆ ಮಾಸ್ಕಿನ ಫೋಟೋ ತೆಗೆದು ನನಗೆ ಕಳಿಸಿದಳು. ಜೊತೆಗೊಂದು ವಾಯ್ಸ್ ಮೆಸೇಜು: “ನೋಡು ನಿಮ್ಮ ಭಾವನ ಪ್ರತಾಪ. ಮೊನ್ನೆ ಹಿಂದಿನ ಬೀದಿಯ ಯಜಮಾನ್ರು ಹೋದ್ರು. ಅವರಿಗೂ ಶುಗರ್ ಇತ್ತು. ಇವರು ಬಜ್ಜಿ ತಿಂತಾರೆ.” ಕೊನೆಯಲ್ಲಿ ಮೂಗು ಎಳೆದುಕೊಂಡ ಸದ್ದು.

ಹಾಗಂತ ತಪ್ಪೆಲ್ಲ ಭಾವನದೇ ಅನ್ನಲಾರೆ. ನಮ್ಮ ಕಡೆ ಊಟಕ್ಕೆ ಕೂತವರು ‘ಬ್ಯಾಡ’ ಅನ್ನೋದಕ್ಕೆ ಒಂದು ಲೆಕ್ಕ ಇದೆ. ಮೊದಲನೇ ‘ಬ್ಯಾಡ’ ಬರೀ ಮರ್ಯಾದೆಗೆ, ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಎರಡನೇ ‘ಬ್ಯಾಡ’ ಅಂದರೆ ಅರ್ಧ ಹಾಕು ಅಂತ. ಮೂರನೇದನ್ನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳಿದರೆ ಮಾತ್ರ ನಿಜವಾದ ‘ಬ್ಯಾಡ’. ಭಾವ ಆ ಮೂರನೇದನ್ನು ಹೇಳಿದ್ದು ನಾನಂತೂ ಕಂಡಿಲ್ಲ! ಎರಡನೇದನ್ನು ಹೇಳುವಾಗಲೇ ಅವರ ತಟ್ಟೆ ಒಂದು ಗೇಣು ಮುಂದಕ್ಕೆ ಜರುಗಿರುತ್ತಿತ್ತು.

ನಾನು ಬೈದೆ. “ಅಕ್ಕಾ, ಇಳಿಸು ಅಂತ ನೀನೇ ಬಡಕೊಳ್ತೀ, ಅವರು ಬ್ಯಾಡ ಅಂದ ಮೇಲೂ ನೀನೇ ಬಡಿಸ್ತೀ!”

“ಒಂದ್ಸಲ ಬ್ಯಾಡ ಅಂದ ಕೂಡ್ಲೆ ಸೌಟು ತಿರುಗಿಸ್ಕೊಂಡು ಹೋಗೋಕೆ ಇದೇನು ಹೋಟ್ಲೇನೋ?” ಅಂದಳು. ಇವಳಿಗೆ ಯಾರು ಬುದ್ಧಿ ಹೇಳಬೇಕು?

ಹೀಗೇ ವರ್ಷ ತುಂಬಿತು. ಮತ್ತೆ ಯುಗಾದಿ ಬಂತು, ಕೊರೊನಾನೂ ಎರಡನೇ ಸಲ ಬಂತು. ದಾವಣಗೆರೆಯಲ್ಲಿ ಆಂಬುಲೆನ್ಸು ಕೂಗದ ಗಂಟೆಯಿರಲಿಲ್ಲ. ದೇವರಾಜ ಅರಸು ಬಡಾವಣೆಯ ನನ್ನ ಮನೆಯಿಂದ ಹಳೇ ಕಾರು ತೆಗೆದುಕೊಂಡು ಹರಿಹರಕ್ಕೆ ಹೊರಟಾಗ ನನ್ನ ಹೆಂಡತಿ, “ಪರೀಕ್ಷೆ ಮುಂದಕ್ಕೆ ಹಾಕೋಕೆ ಆಗಲ್ವಾ?” ಅಂದಳು. ಆಗಲ್ಲ, ಭಾವ ಬಾ ಅಂದಾರೆ ಅಂತ ಹೋದೆ.

ಭಾವ ಹೊಸ ಪಂಚೆ ಉಟ್ಟು ನಿಂತಿದ್ದರು. ನಾನೇ ಟೇಪು ಹಿಡಿದೆ, ಕೊಸರು ಬಿಡಲಿಲ್ಲ. ಸೊಂಟ ಹೋದ ಯುಗಾದಿಗೆ ಎಷ್ಟಿತ್ತೋ ಅಷ್ಟೇ ಇತ್ತು, ದಾರದಷ್ಟೂ ಆಚೀಚೆ ಇಲ್ಲ! “ಫೇಲು!” ಅಂತ ಕೂಗಿದೆ. ವಾದಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ನಕ್ಕು ಊಟಕ್ಕೆ ಕೂತರು.

ಅಕ್ಕ ಹೋಳಿಗೆ ತಂದಳು. ಹಬ್ಬದ ದಿನ ಒಂದೇ ಒಂದು ಅಂತ ಒಪ್ಪಂದವಾಗಿತ್ತು. ತಟ್ಟೆಗೆ ಹಾಕೋಕೆ ಬಗ್ಗಿದಾಗ ಭಾವ, “ಬ್ಯಾಡ” ಅಂದರು. ಅಕ್ಕ ಕಾದಳು. ಎರಡನೇ ‘ಬ್ಯಾಡ’ ಬರಲಿಲ್ಲ, ತಟ್ಟೆ ಮುಂದಕ್ಕೆ ಬರಲಿಲ್ಲ. ಭಾವ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು.

ನಾನು ಪೆದ್ದನ ಹಾಗೆ, “ಓಹೋ, ಫೇಲಾದ ಮೇಲೆ ಓದೋಕೆ ಕೂತ್ರಾ?” ಅಂದೆ.

ಅಕ್ಕನ ಕೈಯಲ್ಲಿ ಹೋಳಿಗೆ ಹಾಗೇ ಇತ್ತು. “ಇವರಿಗೆ ಆರಾಮಿಲ್ಲ. ಕಾರು ತೆಗಿ” ಅಂದಳು.

“ಏ, ನಂಗೇನಾಗೈತೆ? ಎರಡು ದಿನದಿಂದ ಬಾಯಿಗೆ ರುಚಿ ಇಲ್ಲ, ಅಷ್ಟೆ” ಅಂದರು ಭಾವ. ಜ್ವರವಿಲ್ಲ, ಕೆಮ್ಮಿಲ್ಲ. ಅಕ್ಕ ಬೆರಳಿಗೆ ಸಿಗಿಸಿ ಆಕ್ಸಿಜನ್ ನೋಡುವ ಯಂತ್ರ ತಂದಳು. ಅದನ್ನು ಭಾವ ಅಂಗಡಿಗೆ ಬಂದ ಗಿರಾಕಿಗಳ ಬೆರಳಿಗೆಲ್ಲ ಹಾಕಿ, “ತೊಂಬತ್ತೆಂಟು, ಫಸ್ಟ್ ಕ್ಲಾಸ್!” ಅಂತ ಸರ್ಟಿಫಿಕೇಟು ಕೊಡುತ್ತಿದ್ದರು. ಈಗ ಅವರ ಬೆರಳಿಗೆ ಹಾಕಿದರೆ ತೊಂಬತ್ತರ ಕೆಳಗೆ ತೋರಿಸಿತು. ಯಂತ್ರ ಕೆಟ್ಟಿದೆ ಅಂತ ನಾನು ನನ್ನ ಬೆರಳಿಗೆ ಹಾಕಿಕೊಂಡು ನೋಡಿದೆ. ಯಂತ್ರ ಕೆಟ್ಟಿರಲಿಲ್ಲ.

ಹರಿಹರದಿಂದ ದಾವಣಗೆರೆ ಏನು ಮಹಾ ದೂರ? ಅರ್ಧ ಗಂಟೆಯೂ ಬೇಡ. ಅವತ್ತು ಮಾತ್ರ ಆ ರಸ್ತೆ ಮುಗಿಯಲೇ ಇಲ್ಲ. ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಓಡಿಸಿದೆ. ಹಿಂದಿನ ಸೀಟಿನಲ್ಲಿ ಅಕ್ಕ, “ಮಾತಾಡ್ರಿ, ಏನಾದ್ರೂ ಮಾತಾಡ್ರಿ” ಅನ್ನುತ್ತಲೇ ಇದ್ದಳು. ತಾರಸಿಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿದ ಮನುಷ್ಯ “ಹ್ಞೂಂ” ಅನ್ನೋದಕ್ಕೂ ದಣಿಯುತ್ತಿದ್ದರು. ಮೊದಲನೇ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಅಂದರು, ಎರಡನೇದರಲ್ಲೂ ಇಲ್ಲ ಅಂದರು. ಮೂರನೇದರಲ್ಲಿ ಆಗ ತಾನೇ ಒಂದು ಖಾಲಿಯಾಗಿತ್ತು. ಯಾಕೆ ಖಾಲಿಯಾಯಿತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಭಾವನಿಗೆ ಕೊರೊನಾ ಅಂತಲೇ ಬಂತು, ನನಗೂ ಅಕ್ಕನಿಗೂ ಟೆಸ್ಟಿನಲ್ಲಿ ಏನೂ ಬರಲಿಲ್ಲ. ಅಕ್ಕ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಉಳಿದಳು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಂದು ಸಲ ನರ್ಸಮ್ಮ ವೀಡಿಯೋ ಕಾಲ್ ಮಾಡಿಕೊಡುತ್ತಿದ್ದರು. ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕು ಹಾಕಿಕೊಂಡು ಭಾವ ಬೋರಲು ಮಲಗಿರುತ್ತಿದ್ದರು. “ಅದರೊಳಗೆ ಬಜ್ಜಿ ಇಟ್ಕೊಂಡಿಲ್ಲ ತಾನೇ?” ಅಂತ ಅಕ್ಕ ಕೇಳಿದಳು. ಅವರು ಕಣ್ಣಲ್ಲೇ ನಕ್ಕರು. ಕಾಲ್ ಕಟ್ಟಾದದ್ದೇ ತಡ, ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. “ನಾನೇ ಬಡಿಸಿ ಬಡಿಸಿ ಅವರನ್ನ ಈ ಗತಿಗೆ ತಂದೆ. ಮೊದಲನೇ ಸಲ ಬ್ಯಾಡ ಅಂದಾಗ್ಲೇ ನಿಲ್ಲಿಸಿದ್ರೆ ಆಗ್ತಿತ್ತಲ್ಲೋ” ಅಂತ ನನ್ನ ಮುಂದೆ ಹಣೆ ಹಣೆ ಚಚ್ಚಿಕೊಂಡಳು. “ಅಕ್ಕಾ, ಅವತ್ತು ಹೋಳಿಗೆಗೆ ಅಂದ ಆ ಬ್ಯಾಡ ನಿನ್ನ ಕಿವಿಗೆ ಬೀಳದೇ ಇದ್ದಿದ್ರೆ ಭಾವ ನಮ್ಮ ಕಣ್ಣೆದುರೇ ಹೋಗಿಬಿಡ್ತಿದ್ರು” ಅಂದೆ. ಅದು ನಿಜವೂ ಆಗಿತ್ತು, ಆದರೆ ಅವಳಿಗೆ ಸಮಾಧಾನವಾಗಲಿಲ್ಲ.

ಬಸವ ಜಯಂತಿ ಕಳೆದು ಒಂದೆರಡು ದಿನಕ್ಕೆ ಭಾವನನ್ನು ಮನೆಗೆ ಬಿಟ್ಟರು. ಅಕ್ಕ ಹಿಂದಿನ ದಿನವೇ ಹರಿಹರಕ್ಕೆ ಹೋಗಿ ಮನೆ ತೊಳೆದಿಟ್ಟು ಕಾಯುತ್ತಿದ್ದಳು, ನಾನು ಭಾವನನ್ನು ಕಾರಿನಲ್ಲಿ ಕರೆತಂದೆ. ಕಾರಿನಿಂದ ಇಳಿದವರನ್ನು ನೋಡಿ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅಂಗಿ ಹ್ಯಾಂಗರಿಗೆ ಹಾಕಿದಂತೆ ಜೋತಾಡುತ್ತಿತ್ತು. ಎದುರು ಮನೆಯವರು, “ಏನ್ರೀ ಯಜಮಾನ್ರೇ, ಹಿಂಗೆ ಇಳಿದ್‌ಬಿಟ್ರಿ!” ಅಂತ ಕೂಗಿದರು. “ಆಸ್ಪತ್ರೆನಾಗೆ ಕ್ರ್ಯಾಶ್ ಕೋರ್ಸ್ ಮಾಡ್ದೆ!” ಅಂತ ಭಾವ ಉಸಿರು ಕೂಡಿಸಿಕೊಂಡು ಉತ್ತರ ಕೊಟ್ಟರು. ಒಳಗೆ ಬಂದು ಟೇಪು ತರಿಸಿದರು. “ಅಳೀರಿ ಮೇಷ್ಟ್ರೇ. ಸಪ್ಲಿಮೆಂಟರಿ.”

ಅಳೆದೆ. ನಾಲ್ಕು ಇಂಚು ಕೇಳಿದ್ದಕ್ಕೆ ಆರು ಇಳಿದಿತ್ತು. “ಪಾಸು” ಅಂದೆ. ಅಕ್ಕ ಟೇಪು ಕಿತ್ತುಕೊಂಡು ಮೂಲೆಗೆ ಎಸೆದಳು. “ನಂಗೆ ಈ ಸೊಂಟ ಬ್ಯಾಡ. ನಂಗೆ ಆ ಹೊಟ್ಟೇನೇ ಇರ್ಲಿ” ಅಂತ ನೆಲದ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಡಾಕ್ಟರು ಈಗ ಹೇಳಿದ್ದು ಉಲ್ಟಾ ಆಗಿತ್ತು: ಮೈಯಲ್ಲಿ ಶಕ್ತಿ ಇಲ್ಲ, ಹೆಂಗಾದರೂ ಉಣ್ಣಿಸ್ರಿ, ಉಣ್ಣದೇ ಹೋದರೆ ಮತ್ತೆ ಕರಕೊಂಡು ಬರಬೇಕಾಗುತ್ತದೆ.

ಅವತ್ತು ಮಧ್ಯಾಹ್ನ ಅಕ್ಕ ತಿಳಿಸಾರು ಮಾಡಿ ಅನ್ನ ಕಲಸಿ ಕೊಟ್ಟಳು. ಭಾವ ಉಣ್ಣತೊಡಗಿದರು. “ಭೇಷ್! ಆಸ್ಪತ್ರೆ ಊಟ ಉಂಡೋರಿಗೇ ಗೊತ್ತು ಈ ಸಾರಿನ ಬೆಲೆ. ಇನ್ನೊಂದು ಸೌಟು ಹಾಕು” ಅಂದರು. ಅಕ್ಕನ ಮುಖ ಅರಳಿತು. ನಾನೂ ಒಂದು ತುತ್ತು ಬಾಯಿಗಿಟ್ಟೆ. ಅಯ್ಯೋ ದೇವರೇ! ಗಾಬರಿಯಲ್ಲಿ ಎರಡು ಸಲವೋ ಮೂರು ಸಲವೋ ಉಪ್ಪು ಹಾಕಿಬಿಟ್ಟಿದ್ದಳು, ನಾಲಿಗೆ ಮೇಲೆ ಇಡೋಕಾಗುತ್ತಿರಲಿಲ್ಲ. ಭಾವನ ಕಡೆ ನೋಡಿದೆ. ಅವರು ನಿರಾಳವಾಗಿ ಉಣ್ಣುತ್ತಿದ್ದರು. ಆಗ ಗೊತ್ತಾಯಿತು ನನಗೆ, ಅವರಿಗೆ ರುಚಿ ಇನ್ನೂ ವಾಪಸ್ ಬಂದೇ ಇಲ್ಲ ಅಂತ. ನನ್ನ ಮುಖ ಕಂಡು ಅವರು ಕಣ್ಣಲ್ಲೇ ನನಗೆ ‘ಸುಮ್ಮನಿರಿ’ ಅಂದರು.

ನಾನು ತುತ್ತು ನುಂಗಿ ನೀರು ಕುಡಿದೆ. ಆದರೆ ಅಕ್ಕನೂ ಉಣ್ಣಬೇಕಲ್ಲ? ತಟ್ಟೆ ಹಾಕಿಕೊಂಡು ಕೂತಳು, ಒಂದು ತುತ್ತು ಬಾಯಿಗಿಟ್ಟಳು. ಅವಳ ದವಡೆ ನಿಂತಿತು. ಗಂಡನ ಮುಖ ನೋಡಿದಳು. ಅವರು ತಲೆ ತಗ್ಗಿಸಿಕೊಂಡು, “ರುಚಿ ಇಲ್ಲದಿದ್ರೆ ಏನಾತು? ನಾನು ಉಂಡ್ರೆ ನಿನ್ನ ಮುಖ ನೋಡೋಕೆ ಚಂದ ಐತೆ” ಅಂದರು.

ಅಕ್ಕ ಆ ತಟ್ಟೆ ತೆಗೆದಿಟ್ಟು ಒಳಗೆ ಹೋಗಿ ಮೊಸರನ್ನ ಕಲಸಿಕೊಂಡು ಬಂದಳು. ಭಾವನ ಮಗ್ಗುಲಲ್ಲೇ ಕೂತು ಒಂದೊಂದೇ ತುತ್ತು ಅವರ ಬಾಯಿಗಿಡುತ್ತಾ ಹೇಳತೊಡಗಿದಳು: “ಇದು ಮೊಸರನ್ನ. ಹುಳಿ ಬಂದಿಲ್ಲ, ನಿನ್ನೆ ರಾತ್ರಿ ಹೆಪ್ಪು ಹಾಕಿದ್ದು, ತಣ್ಣಗೈತೆ. ಈಗ ಉಪ್ಪಿನಕಾಯಿ ಮಾವಿನ ಹೋಳು ಬಂತು ನೋಡ್ರಿ, ಸ್ವಲ್ಪ ಒಗರು, ಆಮೇಲೆ ಖಾರ...”

ಭಾವ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. “ಖಾರ ಜಾಸ್ತಿ ಆತಾ?” ಅಂತ ಕೇಳಿದರು.

“ಇಲ್ಲ ಬಿಡ್ರಿ, ಹದವಾಗೈತೆ” ಅಂದಳು ಅಕ್ಕ.